ಅಧಿಕ ಕೆಲಸದ ಹೊರೆಯಲ್ಲಿ ಗಣಕಯಂತ್ರವು ಹಠಾತ್ತನೆ ಸ್ಥಗಿತಗೊಳ್ಳುವುದು: ಅರ್ಜಿದಾರರ ಮಾಹಿತಿಗಾಗಿ

ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಕೆಲವರಿಗೆ, ಅನೇಕ ದಾಖಲೆಗಳನ್ನು ಒಟ್ಟಿಗೆ ಪಿ.ಡಿ.ಎಫ್. ರೂಪಕ್ಕೆ ಪರಿವರ್ತಿಸುವಾಗ ಅಥವಾ ಏಕಕಾಲಕ್ಕೆ ಹಲವು ಕಾರ್ಯಗಳನ್ನು ನಿರ್ವಹಿಸುವಾಗ, ಮನೆಯ ಡೆಸ್ಕ್‌ಟಾಪ್ ಗಣಕಯಂತ್ರವು ಮುನ್ಸೂಚನೆಯಿಲ್ಲದೆ ಆರಿಹೋಗುವ ತೊಂದರೆ ಎದುರಾಗುತ್ತದೆ. ಶುಲ್ಕ ಪಾವತಿಯ ಹಂತದಲ್ಲಿ ಹೀಗಾದಲ್ಲಿ, ಎರಡನೆಯ ಬಾರಿ ಪಾವತಿಸುವ ಮೊದಲು ಬ್ಯಾಂಕ್ ಖಾತೆಯನ್ನೂ ಅರ್ಜಿಯ ಸ್ಥಿತಿಯನ್ನೂ ತಪ್ಪದೆ ಪರಿಶೀಲಿಸತಕ್ಕದ್ದು.

ಯಂತ್ರವು ಹೀಗೆ ಆರುವುದು ಬಹುತೇಕ ಸಂದರ್ಭಗಳಲ್ಲಿ ಅದು ಕೆಟ್ಟಿರುವುದರ ಲಕ್ಷಣವಲ್ಲ; ಕೆಡದಂತೆ ತನ್ನನ್ನು ತಾನು ರಕ್ಷಿಸಿಕೊಳ್ಳುವ ಕ್ರಮವಾಗಿರುತ್ತದೆ. ಕಾರಣವು ಸಾಮಾನ್ಯವಾಗಿ ಅತಿಯಾದ ಶಾಖ ಅಥವಾ ವಿದ್ಯುತ್ ಪೂರೈಕೆಯ ಕೊರತೆ. ಇವೆರಡರಲ್ಲಿ ಯಾವುದೆಂದು ಖಚಿತಪಡಿಸಿಕೊಳ್ಳದೆ ಬಿಡಿಭಾಗಗಳನ್ನು ಖರೀದಿಸುವುದು ಅನವಶ್ಯಕ ವೆಚ್ಚಕ್ಕೆ ದಾರಿ.

ಆರಿದ ರೀತಿಯನ್ನು ಗಮನಿಸುವುದು:

ಕೆಲಸ ಆರಂಭಿಸಿದ ಹತ್ತು ಹದಿನೈದು ನಿಮಿಷಗಳಲ್ಲಿ ಫ್ಯಾನಿನ ಸದ್ದು ಹೆಚ್ಚಿ, ಯಂತ್ರವು ನಿಧಾನವಾಗಿ, ನಂತರ ಆರಿದಲ್ಲಿ ಶಾಖವೇ ಕಾರಣವಿರುವ ಸಂಭವ ಹೆಚ್ಚು. ಈಗಿನ ಅನೇಕ ಪ್ರೊಸೆಸರ್‌ಗಳ ತಾಪಮಾನದ ಮಿತಿಯು ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್. ಆ ಮಿತಿ ತಲುಪಿದಾಗ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಗ್ಗಿಸುತ್ತದೆ. ಆಗಲೂ ಶಾಖ ಏರುತ್ತಲೇ ಹೋದರೆ ಯಂತ್ರವನ್ನು ನಿಲ್ಲಿಸಲಾಗುತ್ತದೆ. ಎಚ್‌ಡಬ್ಲ್ಯೂಮಾನಿಟರ್‌ನಂತಹ ಉಚಿತ ತಂತ್ರಾಂಶದಲ್ಲಿ ತಾಪಮಾನವನ್ನು ನೋಡಬಹುದು.

ಇದಕ್ಕೆ ವ್ಯತಿರಿಕ್ತವಾಗಿ, ತಾಪಮಾನ ಏರುವ ಮೊದಲೇ, ಹೊರೆ ಬಿದ್ದ ಕ್ಷಣದಲ್ಲಿಯೇ ದೀಪವಾರಿದಂತೆ ಯಂತ್ರ ಆರಿದಲ್ಲಿ ಪವರ್ ಸಪ್ಲೈ ಘಟಕವನ್ನು ಸಂಶಯಿಸುವುದು. ಗುಂಡಿ ಒತ್ತಿದರೂ ಚಾಲನೆಗೊಳ್ಳದೆ, ಗೋಡೆಯ ಸ್ವಿಚ್ಚನ್ನು ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದ ನಂತರವೇ ಚಾಲನೆಗೊಂಡರೆ ಈ ಸಂಶಯ ಬಲವಾಗುತ್ತದೆ.

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದು ಕಂಡುಬರಬಹುದು. ಇದನ್ನೇ ತೋರಿಸಿ ಪವರ್ ಸಪ್ಲೈ ಬದಲಿಸಲು ಸೂಚಿಸುವವರಿದ್ದಾರೆ. ಯಂತ್ರವು ಕ್ರಮಬದ್ಧವಾಗಿ ಮುಚ್ಚಿಲ್ಲವೆಂಬುದನ್ನು ಮಾತ್ರ ಸದರಿ ನಮೂದು ತಿಳಿಸುತ್ತದೆ, ಕಾರಣವನ್ನು ತಿಳಿಸುವುದಿಲ್ಲ.

ಯು.ಪಿ.ಎಸ್. ಪರಿಶೀಲನೆ:

ಈ ಅಂಶವು ಹಲವು ಬಾರಿ ಗಮನಕ್ಕೇ ಬರುವುದಿಲ್ಲ. 600 ವಿ.ಎ. ಎಂದು ಮುದ್ರಿತವಾಗಿರುವ ಯು.ಪಿ.ಎಸ್. 600 ವ್ಯಾಟ್ ನೀಡುತ್ತದೆಂದು ಭಾವಿಸಬಾರದು. ಮನೆಬಳಕೆಯ ಇಂತಹ ಅನೇಕ ಸಾಧನಗಳ ನಿಜವಾದ ಸಾಮರ್ಥ್ಯ ಸುಮಾರು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಒಂದೇ 200 ವ್ಯಾಟ್ ಬಳಸುವುದಾದರೆ, ಪ್ರೊಸೆಸರ್ ಮತ್ತು ಮಾನಿಟರ್ ಸೇರಿದಾಗ ಉಳಿಯುವುದೆಷ್ಟು? ಇದು ಸರಳ ಜಮಾ-ಖರ್ಚಿನ ಲೆಕ್ಕವೇ ಆಗಿದೆ. ಬ್ಯಾಟರಿ ಹಳೆಯದಾಗಿದ್ದರೆ, ವಿದ್ಯುತ್ ಕಡಿತವಾದ ಕ್ಷಣದಲ್ಲಿ ಅದು ಈ ಹೊರೆಯನ್ನು ತಾಳಲಾರದು. ವಿದ್ಯುತ್ ಸ್ಥಿರವಾಗಿರುವ ವೇಳೆಯಲ್ಲಿ, ಅರ್ಥಿಂಗ್ ಇರುವ ಗೋಡೆಯ ಸಾಕೆಟ್ಟಿಗೆ ಯಂತ್ರವನ್ನು ನೇರವಾಗಿ ಜೋಡಿಸಿ ಅದೇ ಕೆಲಸವನ್ನು ಮಾಡಿ ನೋಡುವುದು. ಆಗ ಆರದಿದ್ದಲ್ಲಿ ದೋಷ ಯಂತ್ರದ್ದಲ್ಲ. ಸಡಿಲವಾದ ಎಕ್ಸ್‌ಟೆನ್ಷನ್ ಬೋರ್ಡಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ.

ಸ್ವಚ್ಛಗೊಳಿಸುವುದು:

ಧೂಳು ಮತ್ತು ಬಿರುಬೇಸಿಗೆ ಎರಡೂ ಇರುವ ರಾಯಚೂರು, ಕಲಬುರಗಿಯಂತಹ ಜಿಲ್ಲೆಗಳಲ್ಲಿ ಬೇಸಿಗೆಗೆ ಮುನ್ನ ಈ ಕೆಲಸವನ್ನು ಮಾಡುವುದು ಸೂಕ್ತ. ವಿದ್ಯುತ್ ತಂತಿಯನ್ನು ಕಳಚಿ, ಪೆಟ್ಟಿಗೆಯ ಪಕ್ಕದ ಹಲಗೆಯನ್ನು ತೆಗೆದು, ಪ್ರೊಸೆಸರ್ ಮೇಲಿನ ಲೋಹದ ರೆಕ್ಕೆಗಳ ನಡುವಿನ ಧೂಳನ್ನು ಮೃದುವಾದ ಕುಂಚದಿಂದ ಅಥವಾ ಗಾಳಿಯ ಡಬ್ಬಿಯಿಂದ ತೆಗೆಯುವುದು. ಗಾಳಿ ಹಾಯಿಸುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ವರ್ಷಗಳ ಹಿಂದೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿದ್ದಲ್ಲಿ ಹೊಸದಾಗಿ ಹಚ್ಚಿಸುವುದು. ಮೇಜಿನ ಕೆಳಗೆ ಗೋಡೆಗೆ ಒತ್ತಿಟ್ಟ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದರೂ ಕೆಲವೊಮ್ಮೆ ಸಾಕಾಗುತ್ತದೆ.

ಎಚ್ಚರಿಕೆ: ಪವರ್ ಸಪ್ಲೈ ಘಟಕವನ್ನು ಯಾವ ಕಾರಣಕ್ಕೂ ಬಿಚ್ಚಬಾರದು. 230 ವೋಲ್ಟ್ ಪೂರೈಕೆಯಿಂದ ಅದರೊಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಮೀರಿದ ವಿದ್ಯುತ್ ಸಂಗ್ರಹವಾಗಿ, ತಂತಿ ಕಳಚಿದ ನಂತರವೂ ಕೆಲಕಾಲ ಉಳಿದಿರಬಹುದು. ಈ ಘಟಕದ ದೋಷಕ್ಕೆ ಬದಲಾವಣೆಯೇ ಪರಿಹಾರ. ಖಾತರಿ ಅವಧಿಯಲ್ಲಿರುವ ಯಂತ್ರವಾದಲ್ಲಿ, ಪೆಟ್ಟಿಗೆಯನ್ನು ತೆರೆಯುವ ಮೊದಲು ಖಾತರಿಯ ಷರತ್ತುಗಳನ್ನು ಓದಿಕೊಳ್ಳುವುದು.

ದುರಸ್ತಿಗೆ ನೀಡುವುದಾದಲ್ಲಿ, ಯಾವ ಕೆಲಸದಲ್ಲಿ, ಎಷ್ಟು ನಿಮಿಷಗಳ ನಂತರ, ಎಷ್ಟು ತಾಪಮಾನದಲ್ಲಿ ಯಂತ್ರ ಆರಿತೆಂಬುದನ್ನು ಬರೆದುಕೊಡುವುದು. ಯಂತ್ರದಲ್ಲಿರುವ ಆಧಾರ್, ಆದಾಯ ಪ್ರಮಾಣಪತ್ರ ಮುಂತಾದ ದಾಖಲೆಗಳ ಪ್ರತಿಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ವರ್ಗಾಯಿಸಿಕೊಂಡು, ಯಂತ್ರದಿಂದ ಅಳಿಸತಕ್ಕದ್ದು.