ಬೊಜ್ಜಿನ ಶಸ್ತ್ರಚಿಕಿತ್ಸೆ: ಆಯ್ಕೆಗಳು ಹುಟ್ಟಿಬಂದ ಬಗೆ

ತೂಕ ಇಳಿಸಲೆಂದು ಮಾಡುವ ಶಸ್ತ್ರಚಿಕಿತ್ಸೆಗೆ ಸುಮಾರು ಎಪ್ಪತ್ತು ವರ್ಷಗಳ ಇತಿಹಾಸವಿದೆ. ಸ್ಲೀವ್, ಬೈಪಾಸ್, ಮಿನಿ ಬೈಪಾಸ್ ಎಂದು ಇಂದು ಆಸ್ಪತ್ರೆಗಳಲ್ಲಿ ಕೇಳಿಬರುವ ಹೆಸರುಗಳು ಒಟ್ಟಿಗೆ ಹುಟ್ಟಿದವಲ್ಲ. ಹಿಂದಿನ ಆಪರೇಷನ್ ಉಳಿಸಿಹೋದ ತೊಂದರೆಯನ್ನು ನೀಗಲೆಂದು ಮುಂದಿನದು ಬಂತು. ಬರುವಾಗ ತನ್ನದೊಂದು ತೊಂದರೆಯನ್ನು ಜೊತೆಗೆ ತಂದಿತು. ಆದ್ದರಿಂದ ಇವುಗಳಲ್ಲಿ ಯಾವುದು ಎಲ್ಲರಿಗೂ ಒಳ್ಳೆಯದು ಎಂದು ಕೇಳುವುದಕ್ಕಿಂತ, ಯಾವುದರ ಕಷ್ಟವನ್ನು ಈ ರೋಗಿ ಬದುಕಿನುದ್ದಕ್ಕೂ ನಿಭಾಯಿಸಬಲ್ಲರು ಎಂದು ಕೇಳುವುದು ಸರಿಯಾದ ದಾರಿ. ರಾಯಚೂರು ಜಿಲ್ಲೆಯ ಚೀಕಲಪರ್ವಿ, ಮಾನ್ವಿ, ದೇವದುರ್ಗದ ಕಡೆಯವರು ಈ ಪ್ರಶ್ನೆಗೆ ಇನ್ನೊಂದನ್ನು ಸೇರಿಸಿಕೊಳ್ಳಬೇಕಾಗುತ್ತದೆ: ಆಪರೇಷನ್ ಮಾಡಿದ ವೈದ್ಯರು ಊರಿನಿಂದ ಎಷ್ಟು ದೂರ?

ಮೊದಲು ಕೈಹಾಕಿದ್ದು ಜಠರಕ್ಕಲ್ಲ, ಕರುಳಿಗೆ. 1954ರಲ್ಲಿ ಅಮೆರಿಕದ ಮಿನೆಸೊಟಾದಲ್ಲಿ ಆರ್ನಾಲ್ಡ್ ಕ್ರೆಮೆನ್, ಜಾನ್ ಲಿನ್ನರ್ ಮತ್ತು ಸಂಗಡಿಗರು ಸಣ್ಣ ಕರುಳಿನ ಬಹುಭಾಗವನ್ನು ಬದಿಗೊತ್ತಿ, ಮೇಲಿನ ತುಂಡನ್ನು ಕೊನೆಯ ತುಂಡಿಗೆ ಸೇರಿಸುವ ವಿಧಾನವನ್ನು ಪ್ರಕಟಿಸಿದರು. ಮುಂದಿನ ದಶಕದಲ್ಲಿ ಇದರ ಹಲವು ರೂಪಗಳು ಬಂದವು. ಹೆಸರಾದ ಒಂದು ರೂಪದಲ್ಲಿ ಮೇಲಿನ 35 ಸೆಂಟಿಮೀಟರ್ ಕರುಳನ್ನು ಕೆಳಗಿನ 10 ಸೆಂಟಿಮೀಟರಿಗೆ ಹೊಲಿಯುತ್ತಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಮೇಲ್ಭಾಗದಲ್ಲೇ ತಿರುಗಿಸಿ ನೇರ ಕೊನೆಭಾಗಕ್ಕೆ ಬಿಟ್ಟರೆ ನಡುವಿನ ಹೊಲಗಳಿಗೆ ಹನಿಯೂ ಸಿಗದ ಹಾಗೆ, ಉಂಡ ಅನ್ನ ರಕ್ತಕ್ಕೆ ಸೇರದೆ ಹೊರಹೋಗುತ್ತಿತ್ತು. ತೂಕವೇನೋ ಸರಸರನೆ ಇಳಿಯಿತು. ಅದರ ಬೆನ್ನಿಗೇ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಕೀಲುನೋವು ಬಂದವು. ಕೆಲವರ ಯಕೃತ್ತು ಪೂರ್ತಿ ಕೆಟ್ಟು ಪ್ರಾಣಕ್ಕೇ ಎರವಾಯಿತು. ಬದಿಗೆ ಬಿದ್ದ ಉದ್ದನೆಯ ಕರುಳಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷ ಹರಡುತ್ತಿದ್ದುದು ಇದಕ್ಕೆ ಒಂದು ಕಾರಣ. 1980ರ ಹೊತ್ತಿಗೆ ಶಸ್ತ್ರವೈದ್ಯರು ಈ ವಿಧಾನವನ್ನು ಕೈಬಿಟ್ಟರು. ತೂಕ ಇಳಿದದ್ದನ್ನೇ ಗೆಲುವೆಂದು ಎಣಿಸಿದ ಆ ವರ್ಷಗಳ ಬೆಲೆಯನ್ನು ರೋಗಿಗಳು ತೆತ್ತರು ಎಂಬುದು ಮರೆಯುವಂಥದ್ದಲ್ಲ.

ಎರಡನೆಯ ದಾರಿ ಹೊಟ್ಟೆಹುಣ್ಣಿನ ಚಿಕಿತ್ಸೆಯಿಂದ ತೆರೆದುಕೊಂಡಿತು. ಹುಣ್ಣಿಗಾಗಿ ಜಠರದ ಭಾಗವನ್ನು ಕತ್ತರಿಸಿ ತೆಗೆಸಿಕೊಂಡವರು ಮತ್ತೆ ದಪ್ಪಗಾಗುವುದೇ ಅಪರೂಪ ಎಂಬುದು ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಅವರ ಗಮನಕ್ಕೆ ಬಂತು. ಚಿಕಾಶಿ ಇಟೊ ಅವರ ಜೊತೆ ಸೇರಿ ಅವರು 1966ರಲ್ಲಿ ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲವೊಂದನ್ನು ಬೇರ್ಪಡಿಸಿ ಅದಕ್ಕೆ ಕರುಳನ್ನು ಜೋಡಿಸಿದರು. ಗ್ಯಾಸ್ಟ್ರಿಕ್ ಬೈಪಾಸ್ ಹುಟ್ಟಿದ್ದು ಹೀಗೆ. ಆ ಜೋಡಣೆಯಲ್ಲಿ ಪಿತ್ತರಸ ಚೀಲಕ್ಕೆ ನುಗ್ಗಿ ಉರಿ ಹುಟ್ಟಿಸುತ್ತಿತ್ತು. 1977ರಲ್ಲಿ ಕೆಂಟಕಿಯ ವಾರ್ಡ್ ಗ್ರಿಫೆನ್ ಇದಕ್ಕೆ ಹಳೆಯದೊಂದು ಉಪಾಯ ಬಳಸಿದರು. ಸ್ವಿಟ್ಜರ್ಲೆಂಡಿನ ಸೆಸಾರ್ ರೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಕರುಳನ್ನು ವೈ ಅಕ್ಷರದಂತೆ ಕವಲಾಗಿ ಜೋಡಿಸುತ್ತಿದ್ದರು: ಒಂದು ಕವಲಿನಲ್ಲಿ ಆಹಾರ, ಇನ್ನೊಂದರಲ್ಲಿ ಪಿತ್ತರಸ, ಎರಡೂ ಕೂಡುವುದು ಕೆಳಗೆ. ಇವತ್ತಿಗೂ ನಡೆಯುವ ರೂ ಬೈಪಾಸ್ ಇದೇ. ಚೀಲದಲ್ಲಿ ಹಿಡಿಯುವುದು ಸುಮಾರು 30 ಮಿಲಿಲೀಟರ್. ಆಹಾರದ ಕವಲು ಒಂದರಿಂದ ಒಂದೂವರೆ ಮೀಟರ್ ಉದ್ದ.

ಕರುಳನ್ನು ಮುಟ್ಟದೆ ಜಠರದ ಬಾಯನ್ನಷ್ಟೇ ಬಿಗಿದರೆ ಸಾಲದೇ ಎಂದು 1980ರ ದಶಕ ಯೋಚಿಸಿತು. ಮೇಸನ್ ಅವರೇ ಸ್ಟೇಪಲ್ ಸಾಲಿನಿಂದ ಜಠರವನ್ನು ಉದ್ದಕ್ಕೆ ವಿಭಾಗಿಸಿ ಕೆಳಗಿನ ದಾರಿಗೆ ಪಟ್ಟಿ ಬಿಗಿಯುವ ವಿಧಾನ ತಂದರು. ರೊಟ್ಟಿ ನುಂಗಲಾಗದವರು ಐಸ್‌ಕ್ರೀಮು, ಸಿಹಿ ಪಾನೀಯಗಳಿಗೆ ತಿರುಗಿದರು. ಕೆಲವರಲ್ಲಿ ಸ್ಟೇಪಲ್ ಸಾಲು ಬಿಟ್ಟುಕೊಂಡಿತು. ಇಳಿದ ತೂಕ ಮರಳಿತು. 1986ರಲ್ಲಿ ಲುಬೊಮಿರ್ ಕುಜ್ಮಾಕ್ ಬಿಗಿತವನ್ನು ಹೆಚ್ಚುಕಡಿಮೆ ಮಾಡಬಹುದಾದ ಸಿಲಿಕೋನ್ ಬ್ಯಾಂಡ್ ಅಳವಡಿಸಿದರು. ಚರ್ಮದ ಕೆಳಗಿಟ್ಟ ಪುಟ್ಟ ಬಿಲ್ಲೆಗೆ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಬ್ಯಾಂಡ್ ಬಿಗಿಯುತ್ತದೆ, ತೆಗೆದರೆ ಸಡಿಲವಾಗುತ್ತದೆ. ಇಥಿಯೋಪಿಯಾ ಮೂಲದ ಬೆಲ್ಜಿಯಂ ಶಸ್ತ್ರವೈದ್ಯ ಮಿಟಿಕು ಬೆಲಾಚೆವ್ 1993ರಲ್ಲಿ ಇದನ್ನು ಲ್ಯಾಪರೋಸ್ಕೋಪಿಯಿಂದ, ಅಂದರೆ ಚಿಕ್ಕ ತೂತುಗಳ ಮೂಲಕ, ಕೂರಿಸಿದರು. ಕತ್ತರಿಸುವುದಿಲ್ಲ, ಬೇಡವಾದರೆ ತೆಗೆದುಬಿಡಬಹುದು ಎಂಬ ಮಾತು ಬಹಳ ಜನರನ್ನು ಸೆಳೆಯಿತು. ಆದರೆ ಬ್ಯಾಂಡ್ ಹಾಕಿಸಿಕೊಂಡವರು ಬಿಗಿತ ಸರಿಪಡಿಸಿಕೊಳ್ಳಲು ಪದೇಪದೇ ವೈದ್ಯರ ಬಳಿ ಹೋಗುತ್ತಿರಬೇಕು. ಬ್ಯಾಂಡ್ ಜಾರುವುದು, ಜಠರದ ಗೋಡೆ ಕೊರೆದು ಒಳಹೋಗುವುದು ವರ್ಷಗಳು ಕಳೆದ ಮೇಲೆ ಬೆಳಕಿಗೆ ಬಂದವು. ಈಗ ಹೊಸದಾಗಿ ಬ್ಯಾಂಡ್ ಹಾಕಿಸಿಕೊಳ್ಳುವವರು ವಿರಳ.

ಇದಕ್ಕೂ ಮೊದಲೇ, 1970ರ ದಶಕದಲ್ಲಿ, ಇಟಲಿಯ ಜಿನೋವಾದಲ್ಲಿ ನಿಕೋಲಾ ಸ್ಕೊಪಿನಾರೊ ಜಠರ ಕಿರಿದುಮಾಡಿ ಕರುಳನ್ನೂ ಬಹುಪಾಲು ತಪ್ಪಿಸುವ ಆಪರೇಷನ್ ರೂಪಿಸಿದ್ದರು. 1988ರಲ್ಲಿ ಅಮೆರಿಕದ ಡಗ್ಲಸ್ ಹೆಸ್ ಅದಕ್ಕೆ ಡುವೊಡಿನಲ್ ಸ್ವಿಚ್ ಎಂಬ ರೂಪ ಕೊಟ್ಟರು. ತೂಕ ಇಳಿಸುವುದರಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಪ್ರೋಟೀನ್ ಕೊರತೆಯ ಅಪಾಯದಲ್ಲೂ ಇಲ್ಲ.

ಅತಿ ಭಾರದ ರೋಗಿಗಳಿಗೆ ಇಷ್ಟು ದೊಡ್ಡ ಆಪರೇಷನ್ನನ್ನು ಒಂದೇ ಸಲ ಮಾಡುವುದು ಅಪಾಯವಾಗಿತ್ತು. ನ್ಯೂಯಾರ್ಕಿನಲ್ಲಿ ಮಿಶೆಲ್ ಗ್ಯಾಗ್ನರ್ ಅವರ ತಂಡ 2000ದ ಸುಮಾರಿಗೆ ಅದನ್ನು ಎರಡು ಕಂತು ಮಾಡಿತು. ಮೊದಲು ಜಠರವನ್ನಷ್ಟೇ ಕೊಳವೆಯಾಗಿಸುವುದು, ತೂಕ ಸ್ವಲ್ಪ ಇಳಿದ ಮೇಲೆ ಕರುಳಿನ ಕೆಲಸ. ಮೊದಲ ಕಂತಿಗೇ ಸಾಕಷ್ಟು ತೂಕ ಇಳಿದವರಲ್ಲಿ ಹಲವರಿಗೆ ಎರಡನೆಯದು ಬೇಕೆನಿಸಲಿಲ್ಲ. ಹಾಗೆ, ಅರ್ಧ ಕೆಲಸವಾಗಿ ಹುಟ್ಟಿದ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಹದಿನೈದು ವರ್ಷಗಳೊಳಗೆ ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ಬೊಜ್ಜಿನ ಆಪರೇಷನ್ ಆಯಿತು.

ಇದರ ಕ್ರಮ ನೋಡಿದರೆ ಜನಪ್ರಿಯತೆಯ ಕಾರಣ ತಿಳಿಯುತ್ತದೆ. ಹೊಟ್ಟೆಯ ಮೇಲೆ ನಾಲ್ಕೈದು ಚಿಕ್ಕ ತೂತುಗಳು. ಬಾಯಿಯ ಮೂಲಕ ಸುಮಾರು 12 ಮಿಲಿಮೀಟರ್ ದಪ್ಪದ ಮೆತ್ತನೆಯ ನಳಿಕೆಯನ್ನು ಜಠರಕ್ಕೆ ಇಳಿಸಿ ಒಳಬದಿಯ ಅಂಚಿಗೆ ಒರಗಿಸುತ್ತಾರೆ. ಉಳಿಯಬೇಕಾದ ಜಠರದ ಅಳತೆ ಅದೇ. ಜಠರದ ಕೆಳಬಾಗಿಲಿನಿಂದ ನಾಲ್ಕಾರು ಸೆಂಟಿಮೀಟರ್ ಬಿಟ್ಟು ಸ್ಟೇಪ್ಲರ್ ಇಟ್ಟು, ನಳಿಕೆಯ ಪಕ್ಕದಲ್ಲೇ ಮೇಲಕ್ಕೆ ಸಾಗುತ್ತಾರೆ. ಸ್ಟೇಪ್ಲರ್ ಒಮ್ಮೆ ಒತ್ತಿದರೆ ಎರಡೂ ಬದಿಗೆ ಸಾಲುಸಾಲು ಟೈಟಾನಿಯಂ ಮೊಳೆಗಳು ಕೂತು ನಡುವೆ ಕತ್ತಿ ಹರಿಯುತ್ತದೆ. ಅನ್ನನಾಳದ ಹತ್ತಿರ ಮುಟ್ಟುವ ಹೊತ್ತಿಗೆ ಜಠರದ ಮುಕ್ಕಾಲು ಪಾಲು ಬೇರೆಯಾಗಿರುತ್ತದೆ. ಅದನ್ನು ಒಂದು ತೂತಿನ ಮೂಲಕ ಹೊರಗೆಳೆಯುತ್ತಾರೆ. ಕರುಳಿಗೆ ಹೊಸ ಜೋಡಣೆ ಇಲ್ಲ. ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದ ಆ ಭಾಗದಲ್ಲೇ. ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಪತ್ತೆ ಮಾಡಿದ್ದು 1999ರಲ್ಲಿ. ಸ್ಲೀವ್ ಮಾಡಿಸಿಕೊಂಡವರು ಊಟದ ನೆನಪೇ ಆಗುವುದಿಲ್ಲ ಎಂದು ಹೇಳುವುದೇಕೆ ಎಂಬುದು ಇದರಿಂದ ಸ್ವಲ್ಪಮಟ್ಟಿಗೆ ಅರ್ಥವಾಗುತ್ತದೆ.

ಸ್ಲೀವ್‌ನ ಕೊರತೆ ಎದೆಯುರಿ. ಕಿರಿದಾದ ಕೊಳವೆಯಲ್ಲಿ ಒತ್ತಡ ಹೆಚ್ಚಿ ಆಮ್ಲ ಮೇಲಕ್ಕೆ ಚಿಮ್ಮುತ್ತದೆ. 2018ರಲ್ಲಿ ಫಿನ್ಲೆಂಡ್ ಮತ್ತು ಸ್ವಿಟ್ಜರ್ಲೆಂಡಿನಿಂದ ಐದು ವರ್ಷಗಳ ಹೋಲಿಕೆಯ ಎರಡು ಅಧ್ಯಯನಗಳು ಪ್ರಕಟವಾದವು. ಫಿನ್ಲೆಂಡಿನಲ್ಲಿ ಹೆಚ್ಚುವರಿ ತೂಕದ ಇಳಿಕೆ ಸ್ಲೀವ್‌ನಿಂದ ಶೇ 49, ಬೈಪಾಸ್‌ನಿಂದ ಶೇ 57. ಸ್ವಿಸ್ ಅಧ್ಯಯನದಲ್ಲಿ, ಮೊದಲೇ ಎದೆಯುರಿ ಇದ್ದವರ ಪೈಕಿ ಅದು ಉಲ್ಬಣಿಸಿದ್ದು ಸ್ಲೀವ್ ಆದವರಲ್ಲಿ ಶೇ 31.8, ಬೈಪಾಸ್ ಆದವರಲ್ಲಿ ಶೇ 6.3. ಮೊದಲೇ ತೀವ್ರ ಎದೆಯುರಿ ಇರುವವರಿಗೆ ಬೈಪಾಸ್ ಮೇಲೆಂಬ ಸಲಹೆಗೆ ಇಂಥ ಅಂಕಿಗಳು ಬಲ ಕೊಟ್ಟಿವೆ. ಸ್ಲೀವ್ ಮಾಡಿಸಿಕೊಂಡು ಎದೆಯುರಿ ತಾಳಲಾಗದೆ ಬೈಪಾಸ್‌ಗೆ ಬದಲಾಯಿಸಿಕೊಂಡವರೂ ಇದ್ದಾರೆ. ತೆಗೆದ ಜಠರ ಮಾತ್ರ ಮರಳಿ ಬರುವುದಿಲ್ಲ.

1997ರಲ್ಲಿ ಅಮೆರಿಕದ ರಾಬರ್ಟ್ ರಟ್ಲೆಜ್ ಆರಂಭಿಸಿದ ಮಿನಿ ಬೈಪಾಸ್‌ನಲ್ಲಿ ಉದ್ದನೆಯ ಚೀಲ, ಕರುಳಿಗೆ ಒಂದೇ ಜೋಡಣೆ. ಕೆಲಸ ಬೇಗ ಮುಗಿಯುತ್ತದೆ, ಭಾರತದ ಶಸ್ತ್ರವೈದ್ಯರಲ್ಲಿ ಇದಕ್ಕೆ ಒಲವೂ ಹೆಚ್ಚು. 2019ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದು ತೂಕ ಇಳಿಸುವುದರಲ್ಲಿ ಇದು ರೂ ಬೈಪಾಸ್‌ಗೆ ಕಡಿಮೆಯಿಲ್ಲವೆಂದೂ, ಭೇದಿ ಮತ್ತು ಪೋಷಕಾಂಶ ಕೊರತೆ ಹೆಚ್ಚೆಂದೂ ಕಂಡಿತು. ಪಿತ್ತರಸ ಹಿಮ್ಮುಖವಾಗುವ ಹಳೆಯ ಅಂಜಿಕೆಯೂ ಇದರ ಜೊತೆಗಿದೆ.

ಸಕ್ಕರೆ ಕಾಯಿಲೆ ಈ ಕಥೆಯನ್ನು ಬೇರೆಡೆಗೆ ಹೊರಳಿಸಿತು. ಉತ್ತರ ಕೆರೊಲಿನಾದ ವಾಲ್ಟರ್ ಪೋರೀಸ್ 1995ರಲ್ಲಿ ತಮ್ಮ ಬೈಪಾಸ್ ರೋಗಿಗಳ ವಿವರ ಪ್ರಕಟಿಸಿದರು. ಎರಡನೆಯ ಬಗೆಯ ಸಕ್ಕರೆ ಕಾಯಿಲೆಯಿದ್ದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಯ ರಕ್ತದ ಸಕ್ಕರೆ ಸಹಜಕ್ಕೆ ಬಂದಿತ್ತು. ಅದೂ ಹಲವರಲ್ಲಿ ತೂಕ ಇಳಿಯುವ ಮೊದಲೇ, ಆಪರೇಷನ್ ಆದ ಕೆಲವೇ ದಿನಗಳಲ್ಲಿ. ಆಹಾರ ಕರುಳಿನ ಕೆಳಭಾಗಕ್ಕೆ ಬೇಗ ತಲುಪಿದಾಗ ಇನ್ಸುಲಿನ್ ಹೆಚ್ಚಿಸುವ ಹಾರ್ಮೋನುಗಳು ಸ್ರವಿಸುತ್ತವೆ. ಅಂದಿನಿಂದ ಇದು ಬರೀ ತೂಕದ ಆಪರೇಷನ್ ಆಗಿ ಉಳಿಯಲಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದಷ್ಟೂ, ಇನ್ಸುಲಿನ್ ಬಹುಕಾಲ ತೆಗೆದುಕೊಂಡಷ್ಟೂ ಫಲ ಕಡಿಮೆ.

ಭಾರತದಲ್ಲಿ ಮೊದಲ ಲ್ಯಾಪರೋಸ್ಕೋಪಿ ಪಿತ್ತಕೋಶ ಶಸ್ತ್ರಚಿಕಿತ್ಸೆಯನ್ನು ಮುಂಬೈಯಲ್ಲಿ ಟೆಹೆಮ್ಟನ್ ಉಡ್ವಾಡಿಯಾ 1990ರಲ್ಲಿ ಮಾಡಿದರು. ಅದರಲ್ಲಿ ಪಳಗಿದ ಕೈಗಳೇ ಮುಂದೆ ಬೊಜ್ಜಿನ ಆಪರೇಷನ್ನಿಗೂ ಒದಗಿದವು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಗಳು ಇದಕ್ಕೆ ಪ್ರತ್ಯೇಕ ವಿಭಾಗಗಳನ್ನು ತೆರೆದವು. ಕರ್ನಾಟಕದಲ್ಲಿ ಅಗತ್ಯವೂ ಏರುತ್ತಿತ್ತು. ಎತ್ತರಕ್ಕೆ ಹೋಲಿಸಿದ ತೂಕದ ಅಳತೆಯಾದ ಬಿಎಂಐ 25 ಮುಟ್ಟಿದ ಅಥವಾ ದಾಟಿದ ಮಹಿಳೆಯರು 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 23.3 ಇದ್ದರು, 2019–21ರಲ್ಲಿ ಶೇ 30.1. ಪುರುಷರು ಶೇ 22.1ರಿಂದ ಶೇ 30.9ಕ್ಕೆ ಏರಿದರು. ಅದೇ ಸಮೀಕ್ಷೆ ತೀರಾ ಸೊರಗಿದವರನ್ನೂ ಎಣಿಸಿದೆ. ಹಿಂದುಳಿದ ಜಿಲ್ಲೆಯೆಂದು ಕೇಂದ್ರ ಸರ್ಕಾರವೇ ಗುರುತಿಸಿರುವ ರಾಯಚೂರಿನಲ್ಲಿ ಅಪೌಷ್ಟಿಕತೆಯೂ ಬೊಜ್ಜೂ ಅಕ್ಕಪಕ್ಕದ ಮನೆಗಳಲ್ಲಿ ಇವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ, ಸಿಂಧನೂರಿನ ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ತಟ್ಟೆಯಲ್ಲೂ ರೊಟ್ಟಿಯ ಜಾಗವನ್ನು ಅನ್ನ ಹಿಡಿಯತೊಡಗಿತು.

ಯಾರಿಗೆ ಆಪರೇಷನ್ ಮಾಡಬಹುದು ಎಂಬ ಗೆರೆಯನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಎಳೆಯಿತು: ಬಿಎಂಐ 40, ಜೊತೆಗೆ ಗಂಭೀರ ಕಾಯಿಲೆಯಿದ್ದರೆ 35. ಭಾರತೀಯರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬರುವುದರಿಂದ ಇಲ್ಲಿನ ತಜ್ಞರು 2009ರಲ್ಲಿ ಅದನ್ನು 37.5 ಮತ್ತು 32.5ಕ್ಕೆ ಇಳಿಸಿದರು. 2022ರಲ್ಲಿ ಅಂತರರಾಷ್ಟ್ರೀಯ ಸಂಘಟನೆಗಳು ಏಷ್ಯಾದವರಿಗೆ ಇನ್ನೂ ಕೆಳಗಿನ ಗೆರೆ ಒಪ್ಪಿದವು. ಆದರೆ ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಉಳಿದಿದ್ದು 1991ರ ಅಮೆರಿಕದ 40 ಮತ್ತು 35. ಬಿಎಂಐ 33 ಇದ್ದು ಸಕ್ಕರೆ ಹತೋಟಿಗೆ ಬಾರದ ರೈತನಿಗೆ ಇದರಿಂದ ಆಗುವ ನಷ್ಟ ದೊಡ್ಡದು: ಭಾರತೀಯ ವೈದ್ಯಶಾಸ್ತ್ರ ಅರ್ಹನೆಂದರೂ ವಿಮೆ ಹಣ ಕೊಡುವುದಿಲ್ಲ. ಈ ಅಂತರವನ್ನು ತುಂಬುವುದು ನ್ಯಾಯ.

ಲೈಪೊಸಕ್ಷನ್ ಈ ಸಾಲಿಗೆ ಸೇರುವುದಿಲ್ಲ. ಅದು ಚರ್ಮದಡಿಯ ಕೊಬ್ಬನ್ನು ಹೀರಿ ಆಕಾರ ತಿದ್ದುತ್ತದೆ. ಹಸಿವನ್ನಾಗಲಿ ಸಕ್ಕರೆ ಕಾಯಿಲೆಯನ್ನಾಗಲಿ ಬದಲಿಸುವುದಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋದ ಎಳೆಯ ಕಿರುತೆರೆ ನಟಿಯೊಬ್ಬರು ಸಾವಿಗೀಡಾದಾಗ ಎರಡನ್ನೂ ಒಂದೇ ಎಂದು ತಿಳಿದವರು ಅನೇಕರಿದ್ದರು. ಆಯ್ಕೆಗೆ ಕೂರುವ ಮುನ್ನ ಈ ಗೊಂದಲ ಬಿಡಿಸಿಕೊಳ್ಳಬೇಕು.

ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ರಿಮ್ಸ್ ಇದೆ, ನವೋದಯ ವೈದ್ಯಕೀಯ ಕಾಲೇಜಿದೆ. ಆದರೂ ಸೂಕ್ಷ್ಮ ಚಿಕಿತ್ಸೆಗೆ ಜಿಲ್ಲೆಯ ಜನ ಸುಮಾರು 200 ಕಿಲೋಮೀಟರ್ ದೂರದ ಹೈದರಾಬಾದಿಗೋ, ರಾತ್ರಿಯಿಡೀ ಪ್ರಯಾಣಿಸಿ ಬೆಂಗಳೂರಿಗೋ ಹೋಗುವುದು ರೂಢಿ. ಏಮ್ಸ್ ಬೇಕೆಂದು 2022ರಿಂದ ಇಲ್ಲಿ ನಡೆದ ದೀರ್ಘ ಧರಣಿಯ ಹಿಂದೆ ಇದೇ ದಣಿವಿತ್ತು. ಸ್ಲೀವ್ ಆದವರೂ ಜೀವಮಾನವಿಡೀ ಪೋಷಕಾಂಶಗಳ ಮೇಲೆ ಕಣ್ಣಿಡಬೇಕು. ಬೈಪಾಸ್ ಆದವರಿಗೆ ಅದು ಇನ್ನೂ ಬಿಗಿ. ಆಹಾರ ಸಣ್ಣ ಕರುಳಿನ ಮೊದಲ ಭಾಗವನ್ನು ಮುಟ್ಟದ್ದರಿಂದ ಕಬ್ಬಿಣ, ಕ್ಯಾಲ್ಸಿಯಂ ಸಾಕಷ್ಟು ಹೀರಿಕೆಯಾಗುವುದಿಲ್ಲ. ಬಿ12 ಹೀರಲು ಜಠರದ ರಸದ ನೆರವು ಬೇಕು. ಶಾಕಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆಯಿರುತ್ತದೆ. ಮಾತ್ರೆ ನಿಲ್ಲಿಸಿದರೆ ರಕ್ತಹೀನತೆ, ಕಾಲು ಜೋಮು ಕೆಲವು ವರ್ಷಗಳ ನಂತರ ಕಾಣಿಸುತ್ತವೆ. ಅಷ್ಟರಲ್ಲಿ ಆಪರೇಷನ್ನಿಗೂ ಅದಕ್ಕೂ ನಂಟಿದೆ ಎಂಬುದು ಮರೆತಿರುತ್ತದೆ. ಈ ರಕ್ತಪರೀಕ್ಷೆಗಳಿಗೆ ಮಹಾನಗರಕ್ಕೇ ಹೋಗಬೇಕೆಂದಿಲ್ಲ. ವರ್ಷಕ್ಕೊಮ್ಮೆ ಯಾವ ಪರೀಕ್ಷೆ ಎಂಬ ಪಟ್ಟಿಯನ್ನು ಆಪರೇಷನ್ ಮಾಡಿದ ವೈದ್ಯರಿಂದ ಬರೆಸಿಕೊಂಡು ರಾಯಚೂರಿನ ವೈದ್ಯರ ಕೈಗೆ ಕೊಡುವುದು ಸಾಧ್ಯ. ಊರಿನ ಹತ್ತಿರ ಹೀಗೆ ಗಮನವಿಡುವವರು ಸಿಗದಿದ್ದರೆ, ಹೆಚ್ಚು ಕರುಳು ತಪ್ಪಿಸುವ ವಿಧಾನಗಳಿಂದ ದೂರವಿರುವುದೇ ಲೇಸು.

ಊಟದ ಕ್ರಮವೂ ಆಯ್ಕೆಯ ಭಾಗ. ಮೊದಲ ವಾರಗಳಲ್ಲಿ ಮಜ್ಜಿಗೆ, ಬೇಳೆಕಟ್ಟು, ತೆಳು ಗಂಜಿ, ನಂತರ ಮೆತ್ತನೆಯದು, ಜೋಳದ ರೊಟ್ಟಿ, ಪುಂಡಿಪಲ್ಯ ಮತ್ತೆ ಬರುವುದು ತಿಂಗಳ ಆಚೆ, ಅದೂ ಚೂರುಚೂರಾಗಿ ಅಗಿದು. ಊಟದ ಜೊತೆ ನೀರು ಕುಡಿಯುವಂತಿಲ್ಲ. ಬೈಪಾಸ್ ಆದವರು ಎರಡು ಹೋಳಿಗೆ ತಿಂದರೆ ಎದೆ ಬಡಿದುಕೊಂಡು, ಬೆವರಿ, ಮಲಗಬೇಕಾಗಬಹುದು. ಹೆಂಡ ಬೇಗ ತಲೆಗೇರುತ್ತದೆ. ಉಪವಾಸವನ್ನೂ ಯೋಚಿಸಬೇಕು. ಚೀಕಲಪರ್ವಿ ಹರಿದಾಸ ವಿಜಯದಾಸರು (1682–1755) ಹುಟ್ಟಿದ ಊರು. ಹರಿದಾಸರ ಈ ಸೀಮೆಯಲ್ಲಿ ನೀರೂ ಮುಟ್ಟದ ಏಕಾದಶಿ ಮಾಡುವವರಿದ್ದಾರೆ, ರಂಜಾನಿನ ರೋಜಾ ಹಿಡಿಯುವವರಿದ್ದಾರೆ. ಗುಟುಕು ಗುಟುಕಾಗಿ ಮಾತ್ರ ಕುಡಿಯಬಲ್ಲ ಜಠರ ದಿನವಿಡೀ ಕಳೆದುಕೊಂಡ ನೀರನ್ನು ಒಂದು ಹೊತ್ತಿನಲ್ಲಿ ತುಂಬಿಕೊಳ್ಳಲಾರದು. ವ್ರತದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಕಾಯಬೇಕೆಂಬುದು ಸಾಮಾನ್ಯ ಸಲಹೆ.

2025ರಲ್ಲಿ ಟಿರ್ಜೆಪಟೈಡ್, ಆಮೇಲೆ ತೂಕ ಇಳಿಕೆಯ ಪ್ರಮಾಣದ ಸೆಮಗ್ಲುಟೈಡ್ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಬೈಪಾಸ್ ನಂತರ ಏರುವ ಕರುಳಿನ ಹಾರ್ಮೋನಿನ ಕೆಲಸವನ್ನೇ ಇವು ಅನುಕರಿಸುತ್ತವೆ. ನಿಲ್ಲಿಸಿದರೆ ಹೆಚ್ಚಿನವರಲ್ಲಿ ತೂಕ ಮರಳುತ್ತದೆ. ತೂಕ ತೀರಾ ಹೆಚ್ಚಿರುವವರಿಗೆ ಆಪರೇಷನ್ನಿಗೆ ಮೊದಲು ಭಾರ ಇಳಿಸಲು, ಸ್ಲೀವ್ ಆದ ವರ್ಷಗಳ ಮೇಲೆ ಮರಳಿದ ತೂಕ ತಡೆಯಲು ಶಸ್ತ್ರವೈದ್ಯರು ಈಗ ಇವನ್ನು ಬಳಸುತ್ತಿದ್ದಾರೆ.