ಮಂಜುಗಡ್ಡೆಯ ಕೆಳಗಿನ ಬೆಚ್ಚನೆಯ ನೀರು

1884ರಲ್ಲಿ ಗ್ರೀನ್‌ಲ್ಯಾಂಡಿನ ನೈಋತ್ಯ ಕರಾವಳಿಯ ಯೂಲಿಯಾನೆಹಾಬ್ ಎಂಬಲ್ಲಿ, ತೇಲಿಬಂದ ಮಂಜುಗಡ್ಡೆಯೊಂದರ ಮೇಲೆ ಕೆಲವು ವಸ್ತುಗಳು ದೊರೆತವು. ದವಸಧಾನ್ಯದ ಪಟ್ಟಿಯೊಂದು, ಅದಕ್ಕೆ ಡಿ ಲಾಂಗ್ ಎಂಬ ನಾಯಕನ ರುಜು. ಒಂದು ಷರಾಯಿ, ಅದರ ಮೇಲೆ ಲೂಯಿ ನೊರೊಸ್ ಎಂಬ ನಾವಿಕನ ಹೆಸರು. ಇವು ‘ಜೆನೆಟ್’ ಎಂಬ ಅಮೆರಿಕದ ಹಡಗಿಗೆ ಸೇರಿದವು. ಆ ಹಡಗು 1881ರ ಜೂನ್‌ನಲ್ಲಿ, ಸೈಬೀರಿಯದ ಉತ್ತರಕ್ಕೆ, ಮಂಜುಗಡ್ಡೆಗಳ ನಡುವೆ ನುಚ್ಚುನೂರಾಗಿ ಮುಳುಗಿತ್ತು. 33 ಜನರಲ್ಲಿ ಬದುಕುಳಿದವರು 13 ಮಂದಿ. ಡಿ ಲಾಂಗ್ ಲೇನಾ ನದಿಯ ಬಯಲಿನಲ್ಲಿ ಹಸಿದು ಸತ್ತ. ನೊರೊಸ್ ಹೇಗೋ ಊರು ಸೇರಿದ. ಅವನ ಷರಾಯಿ ಧ್ರುವಸಾಗರವನ್ನೇ ದಾಟಿ ಬಂದಿತು.

ಇವನ್ನು ಹೊತ್ತು ತಂದದ್ದು ಧ್ರುವಸಾಗರವನ್ನು ಅಡ್ಡಹಾಯುವ ಪ್ರವಾಹವೇ ಇರಬೇಕೆಂದು ನಾರ್ವೆಯ ಹವಾಮಾನಶಾಸ್ತ್ರಜ್ಞ ಹೆನ್ರಿಕ್ ಮೋನ್ ಊಹಿಸಿದ. ಅದನ್ನು ಓದಿದ ತರುಣ ನಾನ್ಸೆನ್‌ಗೆ, ಸತ್ತವರ ಸಾಮಾನು ಸಾಗಿದ ದಾರಿಯಲ್ಲಿ ಬದುಕಿರುವವರೂ ಸಾಗಬಹುದೆನಿಸಿತು. ಹಿಮದೊಡನೆ ಹೋರಾಡದೆ ಹಡಗನ್ನು ಅದಕ್ಕೇ ಒಪ್ಪಿಸಿಬಿಡುವುದು! ಅನುಭವಿಗಳು ಇದನ್ನು ಹುಚ್ಚುಸಾಹಸವೆಂದರು. ಆದರೆ ಕಾಲಿನ್ ಆರ್ಚರ್ ಕಟ್ಟಿದ ‘ಫ್ರಾಮ್’ ಹಡಗಿನ ತಳ ದುಂಡಗಿತ್ತು. ಮಂಜುಗಡ್ಡೆ ಅದುಮಿದಷ್ಟೂ ಅದು ಮೇಲೆದ್ದು ಕೂರುತ್ತಿತ್ತು. 1893ರ ಸೆಪ್ಟೆಂಬರಿನಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ಹಡಗು 1896ರ ಆಗಸ್ಟಿನಲ್ಲಿ ಸ್ಪಿಟ್ಸ್‌ಬರ್ಗನ್ ಬಳಿ ಹೊರಬಿದ್ದಿತು.

ನಾನ್ಸೆನ್ ನಡುವೆ ಹಡಗು ಬಿಟ್ಟು ಧ್ರುವದತ್ತ ನಡೆದ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಮೆಚ್ಚುಗೆಯಾದದ್ದು ಹಗ್ಗದ ಕಥೆ. ಸಾಗರ ಆಳವಿಲ್ಲದ್ದೆಂದು ನಂಬಿ ಹೋದವರಿಗೆ ತಂದ ಹಗ್ಗ ತಳ ಮುಟ್ಟಲಿಲ್ಲ. ಹಡಗಿನ ಉಕ್ಕಿನ ಹಗ್ಗವನ್ನೇ ಬಿಚ್ಚಿ, ಎಳೆಎಳೆಯಾಗಿ ಹೊಸದು ಹೊಸೆದರು. ಆಳ 3000 ಮೀಟರಿಗೂ ಮಿಗಿಲು! ಉಷ್ಣಮಾಪಕ ಇಳಿಸಿದಾಗ ಇನ್ನೊಂದು ಬೆರಗು: ಮೇಲಿನ ನೀರು ಸೊನ್ನೆಗಿಂತ ತಣ್ಣಗಿದ್ದರೆ, ಸುಮಾರು 200 ಮೀಟರಿನ ಕೆಳಗೆ ಸೊನ್ನೆಗಿಂತ ಬೆಚ್ಚಗಿತ್ತು.

ಅದು ಅಟ್ಲಾಂಟಿಕದ ನೀರು. ಬೆಚ್ಚಗಿದ್ದರೂ ಉಪ್ಪಿನಿಂದ ಭಾರವಾದ್ದರಿಂದ, ಸೈಬೀರಿಯದ ನದಿಗಳ ಸಿಹಿನೀರು ಬೆರೆತ ಹಗುರವಾದ ಪದರದಡಿ ಅದು ಮುಳುಗುತ್ತದೆ. ಮುಳುಗುವ ಮುನ್ನ ನಾರ್ವೆಯ ಕರಾವಳಿಯನ್ನು ಬೆಚ್ಚಗಿಡುತ್ತದೆ. ಅದರ ಒಂದು ಕವಲು ಮುರ್ಮಾನ್ಸ್ಕ್ ಬಂದರನ್ನು ಚಳಿಗಾಲದಲ್ಲೂ ತೆರೆದಿಡುತ್ತದೆ. ಅದೇ ಅಕ್ಷಾಂಶದ ಪೂರ್ವ ಗ್ರೀನ್‌ಲ್ಯಾಂಡಿಗೆ ಬರುವುದು ಧ್ರುವದಿಂದ ಮಂಜುಗಡ್ಡೆಯನ್ನು ನೂಕಿಕೊಂಡು ಇಳಿಯುವ ತಣ್ಣೀರು. ಅಲ್ಲಿನ ತೀರ ವರ್ಷದ ಬಹುಪಾಲು ಮುಚ್ಚಿರುತ್ತದೆ. ನೊರೊಸನ ಷರಾಯಿಯನ್ನು ತಂದದ್ದೂ ಈ ಪ್ರವಾಹವೇ.

ಈಚೆಗೆ ಸೈಬೀರಿಯದ ಕಡೆಯ ಸಾಗರದಲ್ಲಿ ಆ ತಣ್ಣನೆಯ ಮೇಲ್ಪದರ ದುರ್ಬಲವಾಗಿ, ಬೆಚ್ಚನೆಯ ನೀರು ಮೇಲೇರಿ ಹಿಮವನ್ನು ಅಡಿಯಿಂದಲೇ ಕರಗಿಸುತ್ತಿರುವುದನ್ನು ವಿಜ್ಞಾನಿಗಳು ಅಳೆದಿದ್ದಾರೆ. 2019ರಲ್ಲಿ ಜರ್ಮನಿಯ ‘ಪೋಲಾರ್‌ಸ್ಟರ್ನ್’ ಹಡಗು ಮಂಜುಗಡ್ಡೆಯೊಂದಕ್ಕೆ ತನ್ನನ್ನು ಕಟ್ಟಿಕೊಂಡು ಅದೇ ಪ್ರವಾಹದಲ್ಲಿ ತೇಲಿತು. ಆ ಮಂಜುಗಡ್ಡೆ 2020ರ ಜುಲೈ ಕೊನೆಗೆ ಒಡೆದದ್ದು ಗ್ರೀನ್‌ಲ್ಯಾಂಡಿಗೂ ಸ್ಪಿಟ್ಸ್‌ಬರ್ಗನ್‌ಗೂ ನಡುವಣ ಜಲಸಂಧಿಯಲ್ಲಿ. ಅದಕ್ಕೆ ಫ್ರಾಮ್ ಜಲಸಂಧಿಯೆಂದೇ ಹೆಸರು.