ಸುಣ್ಣ ಕರಗುವ ಕಡಲು

1872ನೆಯ ಇಸವಿಯ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಿಂದ ‘ಚಾಲೆಂಜರ್’ ಎಂಬ ಹಡಗು ಹೊರಟಿತು. ಹುಟ್ಟಿನಿಂದ ಅದು ಯುದ್ಧನೌಕೆ. ಆದರೆ ಎರಡು ತೋಪುಗಳನ್ನು ಬಿಟ್ಟು ಉಳಿದುವನ್ನೆಲ್ಲ ಇಳಿಸಿ ಆ ಜಾಗದಲ್ಲಿ ಪ್ರಯೋಗಶಾಲೆಗಳನ್ನು ಅಣಿಮಾಡಿದ್ದರು. ಮೂರೂವರೆ ವರ್ಷಕಾಲ ಅದು ಮಹಾಸಾಗರಗಳನ್ನು ಸುತ್ತಿತು. ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು ಆಳವನ್ನು ಮಾರುಗಳಲ್ಲಿ ಅಳೆಯುವುದು, ತಳದ ಕೆಸರನ್ನು ಮೇಲಕ್ಕೆತ್ತಿ ನೋಡುವುದು, ಮತ್ತೆ ಇಳಿಬಿಡುವುದು, ದಿನ ಬೆಳಗಾದರೆ ಇದೇ ಕೆಲಸ. ಬೇಸತ್ತ ನಾವಿಕರಲ್ಲಿ ಹಲವರು ದಾರಿಯ ಬಂದರುಗಳಲ್ಲಿ ಹಡಗು ಬಿಟ್ಟು ಪರಾರಿಯಾದರು. ಅವರನ್ನು ಬೈಯುವಂತಿಲ್ಲ, ಕೆಸರಿನಲ್ಲಿ ರಸ ಕಾಣಲು ಬೇರೆ ಬಗೆಯ ಕಣ್ಣೇ ಬೇಕು.

ಅಂಥ ಕಣ್ಣುಳ್ಳವರೂ ಹಡಗಿನಲ್ಲಿ ಇದ್ದರು: ಮುಖ್ಯಸ್ಥ ವೈವಿಲ್ ಥಾಮ್ಸನ್, ತರುಣ ಜಾನ್ ಮರ್ರೆ, ರಸಾಯನಶಾಸ್ತ್ರಜ್ಞ ಬುಕ್ಯಾನನ್. 1873ರ ಮೊದಲ ತಿಂಗಳುಗಳಲ್ಲಿ ಕೆನರಿ ದ್ವೀಪಗಳಿಂದ ವೆಸ್ಟ್ ಇಂಡೀಸಿನ ಕಡೆಗೆ ಅಟ್ಲಾಂಟಿಕ್ ಸಾಗರವನ್ನು ದಾಟುವಾಗ ಅವರಿಗೆ ಒಂದು ವಿಚಿತ್ರ ಕಂಡಿತು. ಸುಮಾರು ಎರಡು ಸಾವಿರ ಮಾರು ಆಳದಿಂದ ಎತ್ತಿದ ಕೆಸರು ಬೆಳ್ಳಗೆ, ಸೀಮೆಸುಣ್ಣದ ಹಿಟ್ಟಿನಂತೆ ಇರುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ ಅದೆಲ್ಲ ‘ಗ್ಲೋಬಿಜೆರೈನ’ ಎಂಬ ಅಣುಪ್ರಾಣಿಗಳ ಚಿಪ್ಪು. ಇನ್ನೂ ಆಳಕ್ಕೆ ಹೋದಂತೆ ಬಿಳುಪು ಬೂದಿಬಣ್ಣಕ್ಕೆ ತಿರುಗಿ, ಎರಡೂವರೆ ಸಾವಿರ ಮಾರು ದಾಟಿದ ಮೇಲೆ ಬರಿಯ ಕೆಂಪು ಜೇಡಿ. ಚಿಪ್ಪಿನ ಸುಳಿವೇ ಇಲ್ಲ. ಅಲ್ಲಿ ಆ ಪ್ರಾಣಿಗಳೇ ಇಲ್ಲವೋ ಎಂದರೆ, ಮರ್ರೆ ನವುರಾದ ಬಲೆಯನ್ನು ನೀರಿನ ಮೇಲುಭಾಗದಲ್ಲಿ ಎಳೆದು ಅವು ಜೀವಂತವಾಗಿ ತೇಲುತ್ತಿದ್ದುದನ್ನು ತೋರಿಸಿದ. ಅಂದಮೇಲೆ ಸತ್ತ ಚಿಪ್ಪುಗಳ ಮಳೆ ಎಲ್ಲೆಡೆಯೂ ಸುರಿಯುತ್ತಲೇ ಇದೆ; ಆಳದಲ್ಲಿ ಮಾತ್ರ ಅದು ತಳ ಮುಟ್ಟಿ ನಿಲ್ಲುವುದಿಲ್ಲ. ಆಳದ ತಣ್ಣೀರಿನ ಒತ್ತಡವೂ ಅದರಲ್ಲಿ ಕರಗಿರುವ ಇಂಗಾಲಾಮ್ಲವೂ ಸೇರಿ ಸುಣ್ಣವನ್ನು ಕರಗಿಸಿಬಿಡುತ್ತವೆ. ಹಿಮಾಲಯದಲ್ಲಿ ಒಂದು ಎತ್ತರದ ಮೇಲೆ ಮಾತ್ರ ಹಿಮ ನಿಲ್ಲುವಂತೆ, ಕಡಲಲ್ಲಿಯೂ ಒಂದು ಗೆರೆಯ ಮೇಲೆ ಮಾತ್ರ ಸುಣ್ಣ ನಿಲ್ಲುತ್ತದೆ. ‘ಕಡಲಚಿಟ್ಟೆ’ ಎಂದು ಕರೆಯಬಹುದಾದ ತೇಲುವ ಬಸವನಹುಳುಗಳ ತೆಳುಚಿಪ್ಪುಗಳಂತೂ ಇನ್ನೂ ಮೇಲೆಯೇ, ಸಾವಿರದೈನೂರು ಮಾರಿನ ಸುಮಾರಿಗೆ, ಕಾಣೆಯಾಗುತ್ತಿದ್ದುವು.

ಚಿಪ್ಪೆಂದರೆ ಸುಣ್ಣ ಎಂಬುದನ್ನು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ಬಳಚಿನ ಚಿಪ್ಪು ಎತ್ತಿ, ಸುಟ್ಟು, ಗೋಡೆಗೂ ವೀಳ್ಯಕ್ಕೂ ಸುಣ್ಣ ಮಾಡಿಕೊಂಡವರು ಅವರು. ಹುಳಿಗೆ ಸುಣ್ಣ ಕರಗುತ್ತದೆಂಬುದೂ ಮನೆಮಾತು. ಇನ್ನು ಇಂಗಾಲಾಮ್ಲ ನೀರಿನಲ್ಲಿ ಕರಗಿದರೆ ಹುಳಿಯಾಗುತ್ತದೆ ಎನ್ನುವುದಕ್ಕೆ ಗೋಲಿಸೋಡಾಕ್ಕಿಂತ ಬೇರೆ ಸಾಕ್ಷಿ ಬೇಡ. ನಾಲಗೆಯ ಮೇಲಿನ ಆ ಚುರುಕು ಈ ಆಮ್ಲದ್ದೇ. ಹಾಗೆಂದು ಕಡಲು ಸೋಡಾ ಆಗುತ್ತಿದೆ ಎಂದು ಯಾರೂ ತಿಳಿಯಬಾರದು. ಕಡಲಿನ ನೀರು ಕ್ಷಾರದ ಕಡೆಗಿರುವುದು, ಮುಂದೆಯೂ ಅಲ್ಲಿಯೇ ಇರುವುದು. ಅದು ಆಮ್ಲದ ಕಡೆಗೆ ಜರುಗುತ್ತಿದೆ ಎಂಬಷ್ಟೇ ಇಲ್ಲಿಯ ಮಾತು. ಆ ಜರುಗುವಿಕೆಯಲ್ಲಿ ನೀರಿನ ಕಾರ್ಬೊನೇಟ್ ಕಡಮೆಯಾಗುತ್ತದೆ. ಚಿಪ್ಪು ಕಟ್ಟುವ ಪ್ರಾಣಿಗೆ ಅದೇ ಗಾರೆ. ಕಟ್ಟಿದ ಗೋಡೆ ಕರಗುವುದಕ್ಕೆ ಮುಂಚೆಯೇ ಕಟ್ಟುವವನ ಕೈಯ ಗಾರೆ ಸಾಲದೆ ಹೋಗುತ್ತದೆ.

ಈ ಜರುಗುವಿಕೆಯನ್ನು ಅಳೆಯುವ ಕೋಲು ಸಿಕ್ಕಿದ್ದು ಬಿಯರ್ ಕಾರ್ಖಾನೆಯಲ್ಲಿ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೊರೆನ್ಸೆನ್ ‘ಪಿ.ಎಚ್.’ ಎಂಬ ಅಳತೆಯನ್ನು ತಂದ. ಇದರಲ್ಲಿ ಒಂದು ಅಂಕ ಇಳಿದರೆ ಹುಳಿಯ ಅಂಶ ಹತ್ತು ಮಡಿ ಏರಿದಂತೆ. ಕೈಗಾರಿಕೆಗಳು ಹುಟ್ಟುವ ಮೊದಲು ಕಡಲಿನ ಮೇಲ್‌ನೀರು ಸುಮಾರು 8.2 ಇದ್ದುದು ಈಗ ಸುಮಾರು 8.1ಕ್ಕೆ ಇಳಿದಿದೆ. ಕಾಗದದ ಮೇಲೆ ಏನೂ ಅಲ್ಲದ ಈ ದಶಾಂಶ, ಹುಳಿಯ ಲೆಕ್ಕದಲ್ಲಿ ನೂರಕ್ಕೆ ಮೂವತ್ತರ ಹತ್ತಿರ ಹೆಚ್ಚಳ.

ಕಲ್ಲಿದ್ದಲಿನ ಹೊಗೆ ಕಡಲಿಗೆ ಸೇರುತ್ತದೆಂಬುದು ಹೊಸ ಸಂಗತಿಯೇನಲ್ಲ. ಇಂಗಾಲಾಮ್ಲ ಹೆಚ್ಚಿದರೆ ಭೂಮಿ ಬಿಸಿಯಾಗುವುದೆಂದು 1896ರಲ್ಲಿಯೇ ಲೆಕ್ಕ ಹಾಕಿದ ಸ್ವೀಡನ್ನಿನ ಅರ್ಹೀನಿಯಸ್, ಹೊರಬಿದ್ದ ಅನಿಲದ ಆರರಲ್ಲಿ ಐದು ಪಾಲನ್ನು ಕಡಲೇ ಹೀರಿಕೊಳ್ಳುತ್ತದೆಂದು ನಂಬಿದ್ದ. 1957ರಲ್ಲಿ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಂಸ್ಥೆಯ ರೋಜರ್ ರೆವೆಲ್ ಮತ್ತು ಹಾನ್ಸ್ ಸ್ಯೂಸ್ ಇದನ್ನು ಮತ್ತೆ ತೂಗಿ ನೋಡಿದರು. ಕಡಲು ಹೀರುವುದೇನೋ ನಿಜ, ಆದರೆ ಅದರ ರಸಾಯನವೇ ಅಡ್ಡ ನಿಲ್ಲುವುದರಿಂದ ಮೇಲ್‌ನೀರು ಹಳಬರು ಎಣಿಸಿದಷ್ಟು ಉದಾರಿಯಲ್ಲ ಎಂದು ಅವರ ಪ್ರಬಂಧದಿಂದ ತಿಳಿಯಬಂದಿತು. ಮರುವರ್ಷ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯನ್ನು ಅಳೆಯತೊಡಗಿದಾಗ ಹತ್ತು ಲಕ್ಷ ಪಾಲಿಗೆ ಇಂಗಾಲಾಮ್ಲ ಸುಮಾರು 315 ಪಾಲು ಇತ್ತು. ಈಗ ಅದು 420ನ್ನು ದಾಟಿದೆ. ಹೀಗೆ ಕಡಲು ಎಷ್ಟು ನುಂಗುತ್ತದೆ ಎಂದು ಎಲ್ಲರೂ ಕೇಳಿದರು. ನುಂಗಿದ ಮೇಲೆ ಕಡಲಿಗೆ ಏನಾಗುತ್ತದೆ ಎಂದು ಕೇಳಿದವರು ಬಹುಕಾಲ ಬೆರಳೆಣಿಕೆಯಷ್ಟು ಮಂದಿ. 2003ರಲ್ಲಿ ಕೆನ್ ಕಾಲ್ಡೀರ ಮತ್ತು ಮೈಕೆಲ್ ವಿಕೆಟ್ ಪ್ರಕಟಿಸಿದ ಪುಟ್ಟ ಲೇಖನದಿಂದ ‘ಸಾಗರದ ಆಮ್ಲೀಕರಣ’ ಎಂಬ ಮಾತು ಚಲಾವಣೆಗೆ ಬಂದಿತು. ಮರುವರ್ಷ, ಒಂಬತ್ತು ಸಾವಿರಕ್ಕೂ ಮಿಕ್ಕ ಕಡೆಗಳಲ್ಲಿ ನೀರೆತ್ತಿ ನೋಡಿದ ಸಮೀಕ್ಷೆಯ ಲೆಕ್ಕವೂ ಹೊರಬಿತ್ತು: 1800ರಿಂದ 1994ರವರೆಗೆ ಕಡಲು ನುಂಗಿದ ಮನುಷ್ಯನ ಇಂಗಾಲ ಸುಮಾರು 11,800 ಕೋಟಿ ಟನ್ನು.

ಇದೆಲ್ಲ ಮುಂದಿನ ಶತಮಾನದ ಮಾತು ಎಂದು ಶಾಸ್ತ್ರಜ್ಞರು ತಿಳಿದಿದ್ದಾಗಲೇ ಅಮೆರಿಕದ ಪಡುವಣ ಕರಾವಳಿಯಲ್ಲಿ ಸಿಂಪಿಯ ಮರಿಗಳು ಸಾಯಲಾರಂಭಿಸಿದುವು. ಒರಿಗನ್ ರಾಜ್ಯದ ನೆಟಾರ್ಟ್ಸ್ ಕೊಲ್ಲಿಯ ದಂಡೆಯಲ್ಲಿ ವ್ಹಿಸ್ಕಿ ಕ್ರೀಕ್ ಎಂಬ ಮರಿಕೇಂದ್ರ ಇದೆ. (ಬಿಯರಿನಿಂದ ಹೊರಟು ವ್ಹಿಸ್ಕಿಗೆ ಬಂದುದಕ್ಕೆ ಓದುಗರು ಮುನಿಯಬಾರದು; ಅಲ್ಲಿ ಹರಿಯುವುದು ಬರಿಯ ನೀರು.) ಆ ಕರಾವಳಿಯ ಮೂಲ ಸಿಂಪಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಿಂದು ಬರಿದುಮಾಡಿದ್ದರು. ಆಮೇಲೆ ಜಪಾನಿನಿಂದ ಹಡಗಿನ ಮೇಲೆ ಪೆಟ್ಟಿಗೆಗಳಲ್ಲಿ ತರಿಸಿದ ಸಿಂಪಿಯೇ ಅಲ್ಲಿ ಬೇರೂರಿತು. ಬೆಳೆಗಾರರಲ್ಲಿ ಬಹುಮಂದಿ ಬಿತ್ತನೆಗೆ ನೆಚ್ಚಿಕೊಂಡಿರುವುದು ಕೆಲವೇ ಮರಿಕೇಂದ್ರಗಳನ್ನು. ಲಕ್ಷಗಟ್ಟಲೆ ಮರಿಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿದರೆ ಅಂಗೈಯಲ್ಲಿ ಹಿಡಿಯುವಷ್ಟು ಉಂಡೆ. ಆ ಉಂಡೆ ಬಾರದಿದ್ದರೆ ನೂರಾರು ಮೈಲಿಯಾಚೆಯ ಬೆಳೆಗಾರನಿಗೆ ಮೂರು ವರ್ಷದ ಮೇಲೆ ಬೆಳೆಯಿಲ್ಲ.

2007ರ ಬೇಸಗೆಯಲ್ಲಿ ಕೇಂದ್ರದ ತೊಟ್ಟಿಗಳಲ್ಲಿ ಮರಿಗಳು ರಾಶಿರಾಶಿಯಾಗಿ ಸತ್ತುವು. ಮೊದಲು ಗುಮಾನಿ ಬಿದ್ದದ್ದು ‘ವಿಬ್ರಿಯೊ’ ಎಂಬ ರೋಗಾಣುವಿನ ಮೇಲೆ. ಅದು ಹಳೆಯ ಅಪರಾಧಿ. ಮರಿಕೇಂದ್ರಗಳನ್ನು ಮುಂಚೆಯೂ ಕಾಡಿದ್ದಿತು. ದುಡ್ಡು ಸುರಿದು ನೀರನ್ನು ಶುದ್ಧಮಾಡುವ ಯಂತ್ರ ಕೂಡಿಸಿದರು. ರೋಗಾಣು ಹೋಯಿತು, ಸಾವು ಹೋಗಲಿಲ್ಲ. 2008ರಲ್ಲಿಯೂ ಅದೇ ಕಥೆ. ಉತ್ತರಕ್ಕೆ ವಾಷಿಂಗ್ಟನ್ ರಾಜ್ಯದ ವಿಲಾಪ ಕೊಲ್ಲಿಯಲ್ಲಿ, 2005ರಿಂದ ಬಯಲಿನ ಸಿಂಪಿಗಳೂ ಮರಿ ಹಿಡಿಯದೆ ವರ್ಷ ವರ್ಷವೂ ಹಾಗೆಯೇ ಕಳೆಯುತ್ತಿದ್ದುವು. ಆ ಹೊತ್ತಿಗೆ ಕೇಂದ್ರದವರು ಒಂದು ಹೊಂದಿಕೆಯನ್ನು ಗುರುತಿಸಿದ್ದರು: ಬಡಗಣ ಗಾಳಿ ಬಲವಾಗಿ ಬೀಸಿ ಕೊಲ್ಲಿಗೆ ತಣ್ಣೀರು ನುಗ್ಗಿದಾಗಲೆಲ್ಲ ಮರಿಗಳು ಸಾಯುತ್ತಿದ್ದುವು.

ಗಾಳಿಗೂ ತಣ್ಣೀರಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕು. ಆ ಕರಾವಳಿಯಲ್ಲಿ ಬಡಗಣ ಗಾಳಿ ಬೀಸಿದಾಗ, ಭೂಮಿಯ ತಿರುಗುವಿಕೆಯ ಕಾರಣದಿಂದ, ಮೇಲ್‌ನೀರು ದಂಡೆ ಬಿಟ್ಟು ಹೊರಕಡಲಿಗೆ ಸರಿಯುತ್ತದೆ. ತೆರವಾದ ಜಾಗಕ್ಕೆ ಆಳದ ನೀರು ಉಕ್ಕಿಬರುತ್ತದೆ. ಮಳೆಗಾಲದಲ್ಲಿ ನಮ್ಮ ಪಡುವಣ ಕರಾವಳಿಯಲ್ಲಿಯೂ ಹೀಗೆ ಆಳದ ನೀರು ಮೇಲೇರುವುದುಂಟು. ಇದು ಶಾಪವಲ್ಲ, ವರ. ಆಳದ ಸಾರವೆಲ್ಲ ಮೇಲೆ ಬಂದು ಮೀನಿಗೆ ಮೇವಾಗುತ್ತದೆ. ಆದರೆ ಆ ನೀರು ಬಹುಕಾಲ ಕತ್ತಲೆಯಲ್ಲಿದ್ದು, ಮೇಲಿಂದ ಬಿದ್ದ ಸತ್ತ ಜೀವಿಗಳು ಕೊಳೆತುದರಿಂದ ಸ್ವಭಾವತಃ ಇಂಗಾಲಾಮ್ಲವನ್ನು ಹೊತ್ತುಕೊಂಡಿರುತ್ತದೆ. ಅದರ ಮೇಲೆ ಮನುಷ್ಯನ ಪಾಲೂ ಸೇರಿದರೆ? 2007ರಲ್ಲಿಯೇ ಸಿಯಾಟಲ್ ನಗರದ ರಿಚರ್ಡ್ ಫೀಲಿ ಎಂಬ ಸಾಗರ ರಸಾಯನಜ್ಞ ಸಂಗಡಿಗರೊಡನೆ ಕೆನಡದಿಂದ ಮೆಕ್ಸಿಕೊವರೆಗೆ ದಂಡೆಗುಂಟ ಹಡಗಿನಲ್ಲಿ ಹೋಗಿ ನೀರು ಪರೀಕ್ಷಿಸಿದ್ದ. ಸುಣ್ಣ ಕರಗಿಸುವ ನೀರು ದಂಡೆಯ ಹತ್ತಿರದ ತಗ್ಗುಕಡಲಿಗೆ ಏರಿಬಂದಿತ್ತು. ಒಂದು ಕಡೆ ಮೇಲ್ಮೈಯನ್ನೇ ಮುಟ್ಟಿತ್ತು. ಚಾಲೆಂಜರಿನವರು ಸಾವಿರಾರು ಮಾರಿನ ಕೆಳಗೆ ಕಂಡದ್ದನ್ನು ಅವರು ತಮ್ಮ ಹಡಗಿನ ಪಕ್ಕದಲ್ಲಿಯೇ ಕಂಡರು.

ಈ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಹಾಗೆ ಉಕ್ಕಿಬಂದ ನೀರು ಗಾಳಿಯನ್ನು ಕಡೆಯ ಸಲ ಮುಟ್ಟಿ ಆಗಲೇ ಸುಮಾರು ಐವತ್ತು ವರ್ಷಗಳಾಗಿದ್ದುವು. ಅಂದರೆ ರೆವೆಲ್ ಮತ್ತು ಸ್ಯೂಸ್ ತಮ್ಮ ಪ್ರಬಂಧ ಅಚ್ಚು ಹಾಕಿಸಿದ ಕಾಲದಲ್ಲಿ ಮುಳುಗಿದ ನೀರು ಅದು. ಅಂದಿನ ಗಾಳಿಯಿಂದ ಪಡೆದುದನ್ನು ಹೊತ್ತು ಮೂರು ತಲೆಮಾರಿನ ಸಿಂಪಿ ಬೆಳೆಗಾರರಿಗೆ ಕಾಣದಂತೆ ಆಳದಲ್ಲಿ ತಿರುಗಿ ಬಂದು, ನೆಟಾರ್ಟ್ಸಿನ ತೊಟ್ಟಿಗಳಲ್ಲಿ ಅದು ಬಾಕಿ ಕೇಳಿತು.

ಮರಿಗಳೇ ಏಕೆ ಸತ್ತುವು, ದೊಡ್ಡ ಸಿಂಪಿಗಳೇಕೆ ಉಳಿದುವು? ಸಿಂಪಿಯ ಮೊಟ್ಟೆ ಫಲಿಸಿದ ಮೊದಲ ಎರಡು ದಿನಗಳಲ್ಲಿ ಮರಿ ತನ್ನ ಮೊದಲ ಚಿಪ್ಪನ್ನು ಕಟ್ಟಿ ಮುಗಿಸಬೇಕು. ಆ ನಲವತ್ತೆಂಟು ಗಂಟೆಗಳಲ್ಲಿ ಅದರ ಮೈತೂಕದ ನೂರಕ್ಕೆ ತೊಂಬತ್ತರಷ್ಟು ಸುಣ್ಣವೇ ಆಗುತ್ತದೆ. ತಿನ್ನಲು ಅದಕ್ಕೆ ಇನ್ನೂ ಬಾಯಿ ಮೂಡಿರುವುದಿಲ್ಲ. ತಾಯಿ ಮೊಟ್ಟೆಯಲ್ಲಿ ಕಟ್ಟಿಕೊಟ್ಟ ಬುತ್ತಿಯೊಂದೇ ಆಧಾರ. ನೀರಿನಲ್ಲಿ ಕಾರ್ಬೊನೇಟ್ ಕಡಮೆಯಿದ್ದರೆ ಚಿಪ್ಪು ಕಟ್ಟುವುದರಲ್ಲಿಯೇ ಬುತ್ತಿ ಮುಗಿಯುತ್ತದೆ. ಮರಿ ಕರಗಿ ಸಾಯುವುದಿಲ್ಲ, ದಣಿದು ಸಾಯುತ್ತದೆ.

ಕೇಂದ್ರದ ಆಲನ್ ಬಾರ್ಟನ್ ಮತ್ತು ಒರಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ಬರ್ಕ್ ಹೇಲ್ಸ್ ಮೊದಲಾದವರು ನೀರನ್ನೂ ಮರಿಗಳನ್ನೂ ಜೊತೆಜೊತೆಯಾಗಿ ಅಳೆದು 2012ರಲ್ಲಿ ಇದನ್ನು ಪ್ರಕಟಿಸಿದರು. ಅವರು ಕಂಡುಕೊಂಡ ಉಪಾಯ ಅಜ್ಜಿಮದ್ದಿನಷ್ಟು ಸರಳ. ಹಗಲೆಲ್ಲ ಕೊಲ್ಲಿಯ ಕಡಲಹುಲ್ಲು ಬಿಸಿಲಿನಲ್ಲಿ ಇಂಗಾಲಾಮ್ಲವನ್ನು ಹೀರುವುದರಿಂದ, ತೊಟ್ಟಿಗಳನ್ನು ಬೆಳಗ್ಗೆ ತುಂಬದೆ ಮಧ್ಯಾಹ್ನದ ಮೇಲೆ ತುಂಬುವುದು. ನೀರು ಕೆಟ್ಟಿದ್ದರೆ ಅದಕ್ಕೆ ಸೋಡಿಯಂ ಕಾರ್ಬೊನೇಟ್ ಬೆರಸುವುದು. ನಮ್ಮ ಅಗಸರು ಬಟ್ಟೆಗೆ ಹಾಕುತ್ತಿದ್ದ ಸವಳುಮಣ್ಣಿನ ಸತ್ತ್ವವೂ ಇದೇ. ಮರಿಗಳು ಉಳಿದುವು, ಕೇಂದ್ರವೂ ಉಳಿಯಿತು.

ತೊಟ್ಟಿಯ ಹೊರಗಿನ ಕಡಲಿಗೆ ಸೋಡಾ ಬೆರಸುವವರು ಯಾರು? 2008ರಲ್ಲಿ ದಕ್ಷಿಣ ಧ್ರುವದ ಕಡೆಯ ಕಡಲಿನಲ್ಲಿ ಹಿಡಿದ ಕಡಲಚಿಟ್ಟೆಗಳ ಚಿಪ್ಪುಗಳು ಜೀವವಿರುವಾಗಲೇ ಸವೆದಿದ್ದುವು. ಈ ಪುಟ್ಟ ಹುಳುವನ್ನು ತಿಂದು ಸಾಲ್ಮನ್ ಮೀನು ಬೆಳೆಯುತ್ತದೆ. ಇಟಲಿಯ ಇಸ್ಕಿಯ ದ್ವೀಪದ ಹಳೆಯ ಕೋಟೆಯ ಬುಡದಲ್ಲಿ, ಜ್ವಾಲಾಮುಖಿಯ ಸೆಲೆಗಳಿಂದ ಇಂಗಾಲಾಮ್ಲ ತಾನಾಗಿ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಅಲ್ಲಿ 2008ರಲ್ಲಿ ನೋಡಿದವರಿಗೆ, ಗುಳ್ಳೆಗಳ ಹತ್ತಿರ ಹೋದಂತೆ ಹವಳ ಮಾಯ, ಕಡಲಮುಳ್ಳಿನುಂಡೆ ಮಾಯ. ಕಡಲಹುಲ್ಲು ಮಾತ್ರ ಹುಲುಸು. ಎಲ್ಲ ಜೀವಿಗೂ ಕೇಡು ಎಂದಲ್ಲ, ಸುಣ್ಣದ ಮನೆ ಕಟ್ಟುವವರಿಗೆ ಕೇಡು. ಮೀನುಗಳಿಗೂ ಬುದ್ಧಿ ಕೆಟ್ಟು ಅವು ಶತ್ರುವಿನ ವಾಸನೆಯ ಕಡೆಗೇ ಈಜುತ್ತವೆಂದು ಕೆಲವರು ಬರೆದು ದೊಡ್ಡ ಸುದ್ದಿಯಾಗಿತ್ತು. 2020ರಲ್ಲಿ ಬೇರೆಯವರು ಅದೇ ಪ್ರಯೋಗಗಳನ್ನು ಮತ್ತೆ ಮಾಡಿದಾಗ ಹಾಗೆ ಕಾಣಲಿಲ್ಲ. ಸಿಂಪಿಯ ದುಃಖ ನಿಜವಿರುವಾಗ ಮೀನಿನ ಮೇಲೆ ಕಥೆ ಕಟ್ಟುವ ಅವಶ್ಯಕತೆಯೇನೂ ಇಲ್ಲ.

ಚಾಲೆಂಜರಿನ ಆ ಕೆಂಪು ಜೇಡಿಯೂ ಮತ್ತೊಮ್ಮೆ ಕಾಣಿಸಿಕೊಂಡಿತು. 2003ರಲ್ಲಿ ಆಫ್ರಿಕದ ನೈಋತ್ಯಕ್ಕೆ ವಾಲ್ವಿಸ್ ಎಂಬ ಕಡಲತಳದ ದಿಣ್ಣೆಯನ್ನು ಕೊರೆದು ತೆಗೆದ ಮಣ್ಣಿನ ಕಂಬಗಳಲ್ಲಿ, ಬಿಳಿಯ ಸುಣ್ಣದ ನಡುವೆ ಥಟ್ಟನೆ ಒಂದು ಕೆಂಪು ಪಟ್ಟೆ. ಅದು 5 ಕೋಟಿ 60 ಲಕ್ಷ ವರ್ಷಗಳ ಹಿಂದಿನದು. ಆಗ ಮನುಷ್ಯನಿಲ್ಲದೆಯೇ ಅಪಾರ ಇಂಗಾಲ ಹೊರಬಿದ್ದು, ಸುಣ್ಣ ನಿಲ್ಲುವ ಗೆರೆ ಎರಡು ಕಿಲೋಮೀಟರಿಗೂ ಹೆಚ್ಚು ಮೇಲೆ ಸರಿದಿತ್ತು. ಕಡಲತಳದ ಅಣುಪ್ರಾಣಿಗಳ ಎಷ್ಟೋ ಕುಲಗಳು ಅಳಿದುವು. ನದಿಗಳು ಬಂಡೆ ತೊಳೆದು ಕ್ಷಾರ ತಂದು ಸುರಿದು, ಪಟ್ಟೆ ಮತ್ತೆ ಬಿಳುಪಾಗಲು ಒಂದು ಲಕ್ಷ ವರ್ಷಕ್ಕೂ ಹೆಚ್ಚು ಹಿಡಿಯಿತು. ಅಂದು ಸಾವಿರಾರು ವರ್ಷಗಳಲ್ಲಿ ನಡೆದುದನ್ನು ನಾವು ಇನ್ನೂರೈವತ್ತು ವರ್ಷಗಳೊಳಗೆ ಮಾಡಹೊರಟಿದ್ದೇವೆ.

ವ್ಹಿಸ್ಕಿ ಕ್ರೀಕಿನಲ್ಲಿ ಮರಿಗಳು ಸಾಯುತ್ತಿದ್ದ 2008ರಲ್ಲಿ ಗಾಳಿಯ ಇಂಗಾಲಾಮ್ಲ 385 ಪಾಲು ಇತ್ತು. ಆ ವರ್ಷ ಗಾಳಿಯನ್ನು ಮುಟ್ಟಿ ಮುಳುಗಿದ ನೀರು ಒರಿಗನ್ನಿನ ದಂಡೆಗೆ ಇನ್ನೂ ಬಂದಿಲ್ಲ.